ಪ್ರಕ್ಷಿಪ್ತ ಪತ್ರ: ವೈರಸ್ಸೂ ಒಂದು ಅಪೂರ್ವ ಚರ್ಮಾರ್ಬುದವೂ

ಮರ್ಕೆಲ್ ಕೋಶದ ಅರ್ಬುದವೆಂಬ ಹೆಸರನ್ನು ಕೇಳಿಬಲ್ಲವರು ನಮ್ಮ ಹೊನ್ನಾವರದ ಪೇಟೆಯಲ್ಲಿ ಹತ್ತು ಮಂದಿ ದೊರೆಯುವುದೂ ಕಷ್ಟ. ಮೂವತ್ತಮೂರು ಕೋಟಿಗೆ ಮಿಕ್ಕ ಜನರಿರುವ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿಯೇ ಅದು ವರ್ಷಕ್ಕೆ ಸುಮಾರು 3,000 ಮಂದಿಗೆ ತಗಲುವ ರೋಗ. ನಮ್ಮ ದೇಶದಲ್ಲಂತೂ ಅದರ ಸುದ್ದಿ ವೈದ್ಯಕೀಯ ಪತ್ರಿಕೆಗಳಲ್ಲಿ ಎಲ್ಲೋ ಒಂದು ಇನ್ನೆಲ್ಲೋ ಒಂದು ಎಂಬಂತೆ ಬಿಡಿಬಿಡಿಯಾಗಿ ಬರುತ್ತದೆ. ಇಂಥ ರೋಗಕ್ಕಾಗಿ ಕನ್ನಡದ ಮಾಸಪತ್ರಿಕೆಯೊಂದರ ಪುಟಗಳನ್ನು ವ್ಯಯಿಸುವುದು ಉಚಿತವೆ ಎಂದು ವಾಚಕರು ಕೇಳಬಹುದು. ನನ್ನ ಸಹೋದ್ಯೋಗಿಯೊಬ್ಬರು ಕೇಳಿಯೇ ಬಿಟ್ಟರು: "ಮಂಗನ ಕಾಯಿಲೆ ಹಿತ್ತಿಲ ಬಾಗಿಲಲ್ಲಿ ನಿಂತಿರುವಾಗ ಪಿಟ್ಸ್‌ಬರ್ಗಿನ ಗಂತಿಯ ಚಿಂತೆ ನಿಮಗೇಕೆ?" ಪ್ರಶ್ನೆ ಅಸಂಗತವಾದುದಲ್ಲ. ಆದರೆ ಆ ಗಂತಿಯಿಂದ ವಿಜ್ಞಾನಿಗಳು ಕಲಿತ ಪಾಠವು ಪಿಟ್ಸ್‌ಬರ್ಗಿಗಿಂತಲೂ ಹೊನ್ನಾವರ, ಕುಮಟೆ, ಭಟ್ಕಳಗಳ ಮನೆಗಳಿಗೆ ಹೆಚ್ಚು ಬೇಕಾದುದೆಂಬುದು ನನ್ನ ನಂಬಿಕೆ. ಹಾಗೇಕೆಂಬುದನ್ನು ಹೇಳುವುದಕ್ಕೆ ಮೊದಲು ರೋಗದ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಜರ್ಮನಿಯ ಅಂಗರಚನಾಶಾಸ್ತ್ರಜ್ಞನಾದ ಫ್ರೀಡ್ರಿಖ್ ಮರ್ಕೆಲ್ ಎಂಬಾತ 1875ರಲ್ಲಿ ಹೊರಚರ್ಮದ ಬುಡದಲ್ಲಿ ಅಡಗಿರುವ ಒಂದು ಬಗೆಯ ಜೀವಕೋಶಗಳನ್ನು ವರ್ಣಿಸಿದನು. ಬೆರಳ ತುದಿ, ತುಟಿ ಮೊದಲಾದೆಡೆ ಇವು ಹೆಚ್ಚು. ಮೃದುವಾದ ಸ್ಪರ್ಶವನ್ನು ಗ್ರಹಿಸಿ ನರಗಳಿಗೆ ಒಪ್ಪಿಸುವುದು ಇವುಗಳ ಕೆಲಸ. ರೇಷ್ಮೆಗೂ ಗೋಣಿಗೂ ಇರುವ ಭೇದವನ್ನು ಕಣ್ಣು ಮುಚ್ಚಿ ಹೇಳಬಲ್ಲೆವಾದರೆ ಅದರಲ್ಲಿ ಇವುಗಳ ಪಾಲೂ ಉಂಟು. 1972ರಲ್ಲಿ ಸಿರಿಲ್ ಟೋಕರ್ ಎಂಬ ವೈದ್ಯನು ಚರ್ಮದ ಒಂದು ವಿಶಿಷ್ಟ ಅರ್ಬುದವನ್ನು ಗುರುತಿಸಿದನು. ಅದರ ಕೋಶಗಳಿಗೂ ಮರ್ಕೆಲನ ಕೋಶಗಳಿಗೂ ಸಾಮ್ಯ ಕಂಡುದರಿಂದ ಆ ಹೆಸರೇ ಮುಂದೆ ನೆಲೆನಿಂತಿತು. (ಈ ಅರ್ಬುದವು ನಿಜವಾಗಿಯೂ ಆ ಕೋಶಗಳಿಂದಲೇ ಹುಟ್ಟುತ್ತದೆಯೆ ಎಂಬ ವಾದ ಇನ್ನೂ ಮುಗಿದಿಲ್ಲ. ವಿಜ್ಞಾನದಲ್ಲಿ ನಾಮಕರಣವು ಅನೇಕ ವೇಳೆ ಜಾತಕಕ್ಕಿಂತ ಮುಂಚೆಯೇ ನಡೆದುಹೋಗುತ್ತದೆ.) ಮುಖ, ಕತ್ತು, ತೋಳು ಮುಂತಾದ ಬಿಸಿಲು ತಾಗುವ ಭಾಗಗಳಲ್ಲಿ ಕೆಂಪಾದ ಅಥವಾ ನೇರಿಳೆಯ ಛಾಯೆಯ ಒಂದು ಗಟ್ಟಿ ಗಂಟು ಏಳುವುದು, ನೋವಿಲ್ಲ, ಕೆಲವೇ ವಾರಗಳಲ್ಲಿ ಬೆಳೆದುಬಿಡುವುದು. ಹೆಚ್ಚಾಗಿ ಬಿಳಿಯ ಮೈಬಣ್ಣದ ವೃದ್ಧರಲ್ಲಿ ಕಾಣುವ ಈ ರೋಗ, ತಗಲಿದವರ ಸಂಖ್ಯೆಗೆ ಹೋಲಿಸಿದರೆ, ಕುಪ್ರಸಿದ್ಧವಾದ ಮೆಲನೋಮಕ್ಕಿಂತಲೂ ಮಾರಕವಾದುದು.

ಅಂಗಕಸಿ ಮಾಡಿಸಿಕೊಂಡು ರೋಗನಿರೋಧ ಶಕ್ತಿಯನ್ನು ಔಷಧಿಗಳಿಂದ ಕುಗ್ಗಿಸಿಕೊಂಡವರಲ್ಲಿಯೂ ಏಡ್ಸ್ ರೋಗಿಗಳಲ್ಲಿಯೂ ಈ ಅರ್ಬುದ ಇತರರಿಗಿಂತ ಹಲವು ಪಟ್ಟು ಹೆಚ್ಚಾಗಿ ಕಾಣುತ್ತಿದ್ದಿತು. ಕಾವಲು ಸಡಿಲವಾದಲ್ಲಿ ಕಳವು ಹೆಚ್ಚಿದರೆ ಹೊರಗಿನ ಕಳ್ಳನೊಬ್ಬನಿದ್ದಾನೆಂದು ಊಹಿಸುವುದು ಸಹಜವಷ್ಟೆ. 1994ರಲ್ಲಿ ಕಪೋಸಿಯ ಅರ್ಬುದದಲ್ಲಿ ಹೊಸ ಹರ್ಪಿಸ್ ವೈರಸ್ಸೊಂದನ್ನು ಪತ್ತೆಮಾಡಿದ್ದ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿಗಳು ಇಲ್ಲಿಯೂ ವೈರಸ್ಸನ್ನೇ ಶಂಕಿಸಿದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಅವರ ಪ್ರಯೋಗಶಾಲೆಯಲ್ಲಿ ಹುಯಿಚೆನ್ ಫೆಂಗ್ ಮೊದಲಾದವರು ನಡೆಸಿದ ಶೋಧವು 2008ರಲ್ಲಿ ಪ್ರಕಟವಾಯಿತು.

ಅವರ ವಿಧಾನವು ನನ್ನಂಥ ಭೌತಶಾಸ್ತ್ರದ ಅಧ್ಯಾಪಕನಿಗೆ ಬಹಳ ಪ್ರಿಯವಾದುದು. ಅದು ಬರಿಯ ವ್ಯವಕಲನ. ಕಾಸರಕೋಡಿನ ದಡಕ್ಕೆ ಬಲೆ ಬಂದಾಗ ಹೆಂಗಸರು ಬಂಗುಡೆಯನ್ನು ಒಂದು ಬುಟ್ಟಿಗೆ, ತಾರ್ಲೆಯನ್ನು ಇನ್ನೊಂದಕ್ಕೆ, ಸಿಗಡಿಯನ್ನು ಮತ್ತೊಂದಕ್ಕೆ ಆಯ್ದು ಹಾಕುತ್ತ ಹೋಗುವುದನ್ನು ನೋಡಿದವರಿಗೆ ಇದು ತಿಳಿದೀತು. ಹೆಸರುಳ್ಳ ಮೀನೆಲ್ಲ ಬುಟ್ಟಿ ಸೇರಿದ ಮೇಲೆ ಬಲೆಯ ಮೂಲೆಯಲ್ಲಿ ಉಳಿಯುವ ಅನಾಮಧೇಯವನ್ನು ಆಗ ಎಲ್ಲರೂ ಬಾಗಿ ನೋಡುತ್ತಾರೆ. ಜೀವಕೋಶವೊಂದು ಕೆಲಸ ಮಾಡುವಾಗ ತನ್ನ ಡಿ. ಎನ್. ಎ.ಯಲ್ಲಿರುವ ಆಜ್ಞೆಗಳನ್ನು ಸಣ್ಣ ಸಣ್ಣ ಪ್ರತಿಗಳಾಗಿ ನಕಲು ಮಾಡಿ ಕಳಿಸುತ್ತದೆ. ಪಿಟ್ಸ್‌ಬರ್ಗಿನವರು ಅರ್ಬುದದ ಕೋಶಗಳಿಂದ ಇಂತಹ ಸುಮಾರು ನಾಲ್ಕು ಲಕ್ಷ ತುಣುಕುಗಳನ್ನು ಓದಿದರು. ಮನುಷ್ಯನ ಸಮಗ್ರ ಜೀನೋಮಿನ ಪಾಠವು 2003ರ ವೇಳೆಗೆ ಸಿದ್ಧವಾಗಿದ್ದಿತು. ಅದರಲ್ಲಿ ಇರುವುದನ್ನೆಲ್ಲ ಯಂತ್ರದ ಸಹಾಯದಿಂದ ಕಳೆದರು. ಕಟ್ಟಕಡೆಗೆ ಒಂದು ತುಣುಕು ಕೋತಿಗಳಲ್ಲಿ ಕಾಣುವ ಪಾಲಿಯೋಮ ಜಾತಿಯ ವೈರಸ್ಸನ್ನು ಹೋಲುತ್ತಿದ್ದಿತು. ಅದರ ಎಳೆಯನ್ನು ಹಿಡಿದು ಹೊರಟವರಿಗೆ 5,387 ಅಕ್ಷರಗಳ, ಬಳೆಯಂತೆ ದುಂಡಾದ ಡಿ. ಎನ್. ಎ. ಉಳ್ಳ ಹೊಸ ವೈರಸ್ಸು ದೊರೆಯಿತು. ಅವರು ಪರೀಕ್ಷಿಸಿದ ಹತ್ತು ಗಂತಿಗಳಲ್ಲಿ ಎಂಟರಲ್ಲಿ ಅದು ಇದ್ದಿತು.

ಇಷ್ಟರಿಂದ ವೈರಸ್ಸೇ ಅಪರಾಧಿ ಎಂದು ತೀರ್ಪು ಕೊಡುವಂತಿರಲಿಲ್ಲ. ಏಕೆಂದರೆ ಈ ವೈರಸ್ಸು ಆರೋಗ್ಯವಂತರ ಚರ್ಮದ ಮೇಲೆಯೂ ಸರ್ವೇಸಾಮಾನ್ಯವಾಗಿ ವಾಸಿಸುತ್ತದೆಂದು ಮುಂದೆ ತಿಳಿದುಬಂದಿತು. ಬಾಲ್ಯದಲ್ಲಿಯೇ ಸದ್ದಿಲ್ಲದೆ ಬಂದು ಸೇರಿ, ಆಯುಷ್ಯವೆಲ್ಲ ಯಾವ ಉಪದ್ರವವನ್ನೂ ಕೊಡದೆ ಇದ್ದುಬಿಡುವ ಪ್ರಾಣಿ ಅದು. ಕಳವಾದ ಮನೆಯ ಜಗಲಿಯಲ್ಲಿ ಮಲಗಿದ್ದವನೇ ಕಳ್ಳನೆನ್ನುವುದು ಹೇಗೆ?

ಈ ಸಂದೇಹವನ್ನು ಪರಿಹರಿಸಿದ ವಾದವು ನಮ್ಮ ಹಸ್ತಪ್ರತಿ ಸಂಶೋಧಕರಿಗೆ ಚಿರಪರಿಚಿತವಾದುದು. ಹಳೆಯ ತಾಳೆಗರಿಯ ಗ್ರಂಥವೊಂದನ್ನು ತಲೆಮಾರುಗಳವರೆಗೆ ಲಿಪಿಕಾರರು ಪ್ರತಿಮಾಡುತ್ತ ಬಂದಿದ್ದಾರೆನ್ನಿ. ಯಾವಾಗಲೋ ಒಮ್ಮೆ ಬೇರೊಂದು ಕೃತಿಯ ಒಂಟಿ ಗರಿ ಕಟ್ಟಿನೊಳಗೆ ಸೇರಿಬಿಟ್ಟಿತು. ಅದನ್ನರಿಯದ ಲಿಪಿಕಾರ ಅದನ್ನೂ ಸೇರಿಸಿ ಬರೆದ. ಅವನ ಪ್ರತಿಯಿಂದ ಹುಟ್ಟಿದ ನೂರು ಪ್ರತಿಗಳಲ್ಲಿಯೂ ಆ ಪ್ರಕ್ಷೇಪವು ಅದೇ ಸಂಧಿಯ ಅದೇ ಪದ್ಯದ ನಡುವೆ ಕಾಣಿಸಿಕೊಳ್ಳುತ್ತದೆ. ನೂರು ಊರಿನ ಪ್ರತಿಗಳಲ್ಲಿ ಅನ್ಯಪದ್ಯವು ಒಂದೇ ಸ್ಥಳದಲ್ಲಿ ಇದೆಯೆಂದರೆ, ಅವೆಲ್ಲಕ್ಕೂ ಮೂಲವಾದ ಪ್ರತಿಯೊಂದಿದ್ದು, ನಕಲು ತೊಡಗುವ ಮೊದಲೇ ಅದರಲ್ಲಿ ಪ್ರಕ್ಷೇಪವು ಆಗಿಹೋಗಿತ್ತು ಎಂದು ಸಂಪಾದಕನು ನಿರ್ಧರಿಸುತ್ತಾನೆ. ಪ್ರತಿಗಳಾದ ಮೇಲೆ ಹೊರಗಿನಿಂದ ಗರಿಗಳು ಬಂದು ಸೇರಿದ್ದರೆ ಒಂದೊಂದರಲ್ಲಿ ಒಂದೊಂದು ಕಡೆ ಇರಬೇಕಾಗಿದ್ದಿತು.

ಮರ್ಕೆಲ್ ಅರ್ಬುದದಲ್ಲಿ ಕಂಡುದೂ ಇದೇ. ವೈರಸ್ಸಿನ ಬಳೆ ಮುರಿದು ನೇರವಾಗಿ, ಮನುಷ್ಯನ ಮುನ್ನೂರು ಕೋಟಿ ಅಕ್ಷರಗಳ ಗ್ರಂಥದ ನಡುವೆ ಬೆಸೆದುಕೊಂಡಿದ್ದಿತು. ಬೆಸುಗೆಯ ಸ್ಥಾನ ರೋಗಿಯಿಂದ ರೋಗಿಗೆ ಬೇರೆ. ಆದರೆ ಒಬ್ಬ ರೋಗಿಯ ಗಂತಿಯಲ್ಲಿರುವ ಕೋಟ್ಯಂತರ ಕೋಶಗಳಲ್ಲಿ ಅದು ಒಂದೇ ವರ್ಣತಂತುವಿನ ಒಂದೇ ಸ್ಥಾನ. ಗಂತಿಯಿಂದ ಸಿಡಿದು ದೂರದ ದುಗ್ಧಗ್ರಂಥಿಗೆ ಹರಡಿದ ಕೋಶಗಳಲ್ಲಿಯೂ ಅದೇ ಸ್ಥಾನ. ಅಂದಮೇಲೆ ವೈರಸ್ಸು ಬೆಳೆದು ನಿಂತ ಅರ್ಬುದಕ್ಕೆ ಆಮೇಲೆ ಬಂದ ಅತಿಥಿಯಾಗಿರಲಾರದು. ಒಂದೇ ಒಂದು ಕೋಶದಲ್ಲಿ ಬೆಸುಗೆ ಮೊದಲು ಆಯಿತು, ಆ ಕೋಶದ ಸಂತಾನವೇ ಗಂತಿಯಾಯಿತು. ಸಾಕ್ಷಿಯಾಗಿ ನಿಂತು ನೋಡಿದವರಿಲ್ಲದ, ಬಹುಶಃ ವರ್ಷಗಳ ಹಿಂದೆ ನಡೆದ ಘಟನೆಯ ಕಾಲಾನುಕ್ರಮವನ್ನು ಇಂದಿನ ಪಾಠದಿಂದಲೇ ಓದಿ ತೆಗೆಯುವ ಈ ತರ್ಕವು ವಿದ್ಯಾರ್ಥಿಗಳಿಗೆ ಪಾಠ ಹೇಳಲು ಯೋಗ್ಯವಾದುದು.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಒಳಸೇರಿದ ಗರಿಯು ಇಡಿಯಾದುದಲ್ಲ, ಹರಿದ ಗರಿ. ಈ ವೈರಸ್ಸು 'ದೊಡ್ಡ ಟಿ' ಮತ್ತು 'ಸಣ್ಣ ಟಿ' ಎಂಬ ಪ್ರೋಟೀನುಗಳನ್ನು ತಯಾರಿಸುತ್ತದೆ. ದೊಡ್ಡ ಟಿ ಪ್ರೋಟೀನಿನ ಮುಂಭಾಗವು ಜೀವಕೋಶದ ವಿಭಜನೆಯನ್ನು ತಡೆಹಿಡಿಯುವ ಆರ್‌ಬಿ ಎಂಬ ಕಾವಲುಗಾರನ ಕೈಕಟ್ಟುತ್ತದೆ; ಹಿಂಭಾಗವು ವೈರಸ್ಸಿನ ಡಿ. ಎನ್. ಎ.ಯ ಸುರುಳಿ ಬಿಚ್ಚಿ ಹೊಸ ಪ್ರತಿಗಳನ್ನು ಹುಟ್ಟಿಸುತ್ತದೆ. ಬೆಸೆದುಕೊಂಡ ಬಳಿಕವೂ ಹಿಂಭಾಗ ಕೆಲಸ ಮಾಡುತ್ತಿದ್ದರೆ ವರ್ಣತಂತುವಿನ ನಡುವೆಯೇ ಅಕಾಲದಲ್ಲಿ ನಕಲು ತೊಡಗಿ, ಎಳೆಗಳು ತುಂಡಾಗಿ, ಕೋಶವೇ ನಾಶವಾಗುತ್ತದೆ. ಆದಕಾರಣ ಹಿಂಭಾಗ ಹರಿದುಹೋಗಿ ಮುಂಭಾಗ ಉಳಿದ ಕೋಶಗಳು ಮಾತ್ರ ಬದುಕಿ ಬೆಳೆಯುತ್ತವೆ. ಅರ್ಬುದದಿಂದ ತೆಗೆದ ವೈರಸ್ಸಿನಲ್ಲೆಲ್ಲ ಈ ಹರಕು ಕಂಡಿತು. ಚರ್ಮದ ಮೇಲೆ ಸುಖವಾಗಿರುವ ವೈರಸ್ಸಿನಲ್ಲಿ ಅದಿಲ್ಲ. ಸಣ್ಣ ಟಿ ಪ್ರೋಟೀನಾದರೋ ಯಾವ ಊನವೂ ಇಲ್ಲದೆ ಉಳಿದು ಕೋಶದ ಬೆಳವಣಿಗೆಯ ಚಾಟಿಯಾಗುತ್ತದೆ. 2010ರಲ್ಲಿ ಜರ್ಮನಿಯ ಸಂಶೋಧಕರು ಇಂತಹ ಕೋಶಗಳಲ್ಲಿ ಟಿ ಪ್ರೋಟೀನುಗಳ ಬಾಯಿ ಕಟ್ಟಿದಾಗ ಅವು ಬೆಳವಣಿಗೆಯನ್ನು ನಿಲ್ಲಿಸಿ ಸತ್ತವು. ಮೊದಲು ಕೆಡಿಸಿ ಆಮೇಲೆ ಹೊರಟುಹೋದ ಪಾತಕಿ ಇದಲ್ಲವೆಂಬುದು ಇದರಿಂದ ಖಚಿತವಾಯಿತು. ಅರ್ಬುದವು ಕೊನೆಯವರೆಗೂ ಅದರ ಅನ್ನವನ್ನೇ ಉಣ್ಣುತ್ತದೆ.

ಪತ್ರಿಕೆಗಳಲ್ಲಿ 'ವೈರಸ್ಸಿನ ದಾಳಿ', 'ವೈರಸ್ಸಿನ ಸಂಚು' ಎಂದೆಲ್ಲ ಬರೆಯುವ ರೂಢಿಯಿದೆ. ಇಲ್ಲಿ ಆ ಮಾತು ಸಲ್ಲದು. ಬೆಸೆದುಕೊಂಡು ಹರಿದುಹೋದ ವೈರಸ್ಸು ಮುಂದೆ ತನ್ನ ಒಂದು ಮರಿಯನ್ನೂ ಹೊರಗೆ ಕಳಿಸಲಾರದು. ಮನುಷ್ಯನಿಗೆ ಮರಣ, ವೈರಸ್ಸಿಗೆ ನಿರ್ವಂಶ. ಇದು ಯುದ್ಧವಲ್ಲ, ಇಬ್ಬರಿಗೂ ಅನಿಷ್ಟವಾದ ಅಪಘಾತ. ಮಂಗನ ಕಾಯಿಲೆಯ ವೈರಸ್ಸನ್ನು ಇದರೊಡನೆ ಹೋಲಿಸಿ ನೋಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟು, ಘಟ್ಟವಿಳಿದು ನಮ್ಮ ಜಿಲ್ಲೆಗೂ ಬಂದ ಆ ರೋಗವು ಉಣುಗಿನ ಕಡಿತದಿಂದ ಹತ್ತಿ, ಜ್ವರವಾಗಿ ಕುದಿದು, ಕೆಲವೇ ವಾರಗಳಲ್ಲಿ ಕೊಂದೋ ಬಿಟ್ಟೋ ಹೋಗುತ್ತದೆ. ಅದರ ಆನುವಂಶಿಕ ವಸ್ತು ಆರ್. ಎನ್. ಎ.; ನಮ್ಮ ಗ್ರಂಥದೊಳಗೆ ಸೇರುವ ಅಭ್ಯಾಸ ಅದಕ್ಕಿಲ್ಲ. 'ವೈರಸ್' ಎಂಬ ಒಂದೇ ಶಬ್ದದಿಂದ ಇವೆರಡನ್ನೂ ಕರೆಯುವುದರಿಂದ ಜನರಲ್ಲಿ ಒಂದು ತಪ್ಪು ಭೀತಿ ಹುಟ್ಟುತ್ತದೆ. ವೈರಸ್ಸಿನಿಂದ ಅರ್ಬುದ ಬರುತ್ತದೆಂದು ಕೇಳಿದೊಡನೆ ಅರ್ಬುದದ ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಡುವವರಿದ್ದಾರೆ. ಮುಟ್ಟಿದರೆ ಅರ್ಬುದ ಅಂಟದು. ಹರಡುವುದು ವೈರಸ್ಸು, ಅರ್ಬುದವನ್ನು ಉಂಟುಮಾಡುವುದು ಆ ವೈರಸ್ಸಿನ ಬಾಳಿನಲ್ಲಿ ನಡೆಯುವ ಅತಿ ವಿರಳವಾದ ಎರಡು ಆಕಸ್ಮಿಕಗಳು, ಅಂದರೆ ಬೆಸುಗೆ ಮತ್ತು ಹರಕು. ಆ ಹರಕು ಗರಿಯನ್ನು ರೋಗಿಯಿಂದ ಯಾರೂ ಪಡೆಯಲಾರರು.

ಹತ್ತು ಗಂತಿಗಳಲ್ಲಿ ಎರಡರಲ್ಲಿ ವೈರಸ್ಸಿರಲಿಲ್ಲವಷ್ಟೆ. ಅವುಗಳ ಕಥೆಯಲ್ಲಿ ನನ್ನ ಶಾಸ್ತ್ರವೂ ಪ್ರವೇಶಿಸುತ್ತದೆ. ಬಿಸಿಲಿನಲ್ಲಿರುವ ಅತಿನೇರಿಳೆ ಕಿರಣದ, ಸುಮಾರು 300 ನ್ಯಾನೋಮೀಟರ್ ತರಂಗದೂರದ, ಒಂದೊಂದು ಕಣದಲ್ಲಿಯೂ ನಾಲ್ಕು ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿಯಿದೆ. ಕೆಂಬೆಳಕಿನ ಕಣಕ್ಕೆ ಅದರ ಅರ್ಧದಷ್ಟು. ಈ ಅಂತರವೇ ನಿರ್ಣಾಯಕ. ಕೆಂಬೆಳಕು ಎಷ್ಟು ಸುರಿದರೂ ಚರ್ಮ ಬಿಸಿಯಾಗುತ್ತದೆ. ಅತಿನೇರಿಳೆಯ ಒಂದು ಕಣ ಸಾಕು, ಡಿ. ಎನ್. ಎ.ಯಲ್ಲಿ ಪಕ್ಕಪಕ್ಕದ ಎರಡು ಅಕ್ಷರಗಳನ್ನು ಅಂಟಿಸಲು. ಅದನ್ನು ತಿದ್ದುವಾಗ ತಪ್ಪಿದರೆ ಸೈಟೊಸಿನ್ ಇರಬೇಕಾದಲ್ಲಿ ಥೈಮಿನ್ ಬರೆದುಹೋಗುತ್ತದೆ. ವೈರಸ್ಸಿಲ್ಲದ ಮರ್ಕೆಲ್ ಗಂತಿಗಳಲ್ಲಿ ಇಂತಹ ಬಿಸಿಲಿನ ಕೈಬರಹ ಪುಟಪುಟದಲ್ಲಿಯೂ ಕಾಣುತ್ತದೆ. ಆರ್‌ಬಿ ಕಾವಲುಗಾರನ ಜೀನೂ ಬಿಸಿಲಿನಿಂದಲೇ ಅಳಿಸಿಹೋಗಿರುತ್ತದೆ. ವೈರಸ್ಸುಳ್ಳ ಗಂತಿಗಳಲ್ಲಿ ಅಂಥ ತಪ್ಪುಗಳು ತೀರ ಕಡಮೆ. ಬಿಸಿಲು ಸಾವಿರ ತಪ್ಪುಗಳಿಂದ ಸಾಧಿಸಿದ್ದನ್ನು ವೈರಸ್ಸು ಒಂದು ಹರಕು ಗರಿಯಿಂದ ಸಾಧಿಸುತ್ತದೆ. ಬಿಳಿಯ ಜನ ಉಗ್ರ ಬಿಸಿಲಿನಲ್ಲಿ ಬಾಳುವ ಆಸ್ಟ್ರೇಲಿಯದಲ್ಲಿ ಬಹುಪಾಲು ಗಂತಿಗಳು ವೈರಸ್ಸಿಲ್ಲದವು. ನಮ್ಮ ಕರಾವಳಿಯ ಬೆಸ್ತರೂ ಗದ್ದೆಯ ಕೆಲಸದವರೂ ಅದಕ್ಕೆ ಕಡಮೆಯಿಲ್ಲದ ಬಿಸಿಲನ್ನು ಹೊತ್ತವರೇ. ಅವರನ್ನು ಕಾಯುತ್ತಿರುವುದು ಚರ್ಮದ ಕಪ್ಪು ಬಣ್ಣ. ಮದುವೆಯ ಸಂಬಂಧ ನೋಡುವಾಗ ನಾವು ಹೀಗಳೆಯುವ ಬಣ್ಣವೂ ಅದೇ ಎಂಬುದನ್ನು ಇಲ್ಲಿ ಹೇಳದೆ ಬಿಡಲಾರೆ.

ಭೌತಶಾಸ್ತ್ರದವನೆಂದು ತಿಳಿದೊಡನೆ ಜನರು ನನ್ನನ್ನು ಅರ್ಬುದದ ವಿಷಯದಲ್ಲಿ ಕೇಳುವ ಪ್ರಶ್ನೆ ಬಿಸಿಲಿನದೂ ಅಲ್ಲ, ವೈರಸ್ಸಿನದೂ ಅಲ್ಲ, ಕೈಗಾದ್ದು. ನಮ್ಮ ಜಿಲ್ಲೆಯಲ್ಲಿ 2000ದಿಂದ ಪರಮಾಣು ವಿದ್ಯುತ್ತು ಉತ್ಪಾದನೆಯಾಗುತ್ತಿದೆ. ಸುತ್ತಲಿನವರಿಗೆ ಆ ಪ್ರಶ್ನೆ ಕೇಳುವ ಹಕ್ಕು ಸಂಪೂರ್ಣವಾಗಿ ಇದೆ, ವಿಕಿರಣದ ಅಳತೆಗಳು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ದೊರೆಯಬೇಕಾದುದೂ ನ್ಯಾಯವೇ. ಆದರೆ ಒಂದೇ ಕಾರಣದ ಕಡೆ ಬೊಟ್ಟು ಮಾಡಿ ನಿಂತರೆ ಕೈಗೆಟುಕುವ ಕಾರಣಗಳು ಕಣ್ಣಿಗೆ ಬೀಳುವುದಿಲ್ಲ. 2018ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಕಾಣಿಸಿಕೊಂಡ ಅರ್ಬುದಗಳಲ್ಲಿ ಸುಮಾರು 22 ಲಕ್ಷ, ಅಂದರೆ ನೂರಕ್ಕೆ ಹದಿಮೂರರಷ್ಟು, ಸೋಂಕುಗಳಿಂದ ಉಂಟಾದವೆಂದು ಲೆಕ್ಕ. ಹೊಗೆಸೊಪ್ಪಿನ ಲೆಕ್ಕ ಬೇರೆ.

ಆ ಸೋಂಕುಗಳಲ್ಲಿ ಮುಖ್ಯವಾದುದೊಂದು ಪ್ಯಾಪಿಲೋಮ ವೈರಸ್ಸಿನದು. ನಾನು ಮೊದಲಲ್ಲಿ ಹೇಳಿದ ಪಾಠವು ನಮ್ಮ ಮನೆಗಳಿಗೆ ತಲಪುವುದು ಇಲ್ಲಿಯೇ. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಈ ವೈರಸ್ಸಿನ 16 ಮತ್ತು 18ನೆಯ ಬಗೆಗಳನ್ನು 1983-84ರಲ್ಲಿ ಗರ್ಭಕೊರಳಿನ ಅರ್ಬುದದಲ್ಲಿ ಕಂಡುಹಿಡಿದನು. ಮರ್ಕೆಲ್ ವೈರಸ್ಸು ಬೆಳಕಿಗೆ ಬಂದ 2008ರಲ್ಲಿಯೇ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕುಲ ಬೇರೆಯಾದರೂ ಈ ವೈರಸ್ಸಿನ ನಡತೆ ಅದರಂತೆಯೇ. ಇದೂ ಬಳೆಯಾಕಾರದ್ದು, ಬಹುಪಾಲು ಅರ್ಬುದಗಳಲ್ಲಿ ಬಳೆ ಒಡೆದು ವರ್ಣತಂತುವಿನೊಳಗೆ ಬೆಸೆದಿರುತ್ತದೆ, ಒಡೆಯುವಾಗ ಇ2 ಎಂಬ ಭಾಗ ಹರಿದುಹೋಗಿ, ಅದರ ಹತೋಟಿಯಲ್ಲಿದ್ದ ಇ6, ಇ7 ಎಂಬ ಪ್ರೋಟೀನುಗಳು ಲಗಾಮಿಲ್ಲದ ಕುದುರೆಗಳಾಗುತ್ತವೆ, ಇ7 ಕೈಕಟ್ಟುವುದು ಅದೇ ಆರ್‌ಬಿ ಕಾವಲುಗಾರನನ್ನು. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಹೆಣ್ಣುಮಗಳ ಈ ಅರ್ಬುದದಿಂದ, ಅವಳ ಒಪ್ಪಿಗೆಯನ್ನೂ ಕೇಳದೆ, ತೆಗೆದ ಕೋಶಗಳು ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಎಂಟನೆಯ ವರ್ಣತಂತುವಿನಲ್ಲಿ, ಬೆಳವಣಿಗೆಯನ್ನು ಪ್ರಚೋದಿಸುವ ಒಂದು ಜೀನಿನ ನೆರೆಯಲ್ಲಿ, 18ನೆಯ ಬಗೆಯ ವೈರಸ್ಸು ಬೆಸೆದಿರುವುದನ್ನು ಆ ಕೋಶಗಳಲ್ಲಿ ಇಂದೂ ಓದಬಹುದು. ಅವಳು ತೀರಿಕೊಂಡು ಏಳು ದಶಕಗಳಾದರೂ ಪ್ರಕ್ಷೇಪ ಸ್ಥಳ ಬದಲಿಸಿಲ್ಲ.

ಮರ್ಕೆಲ್ ಅರ್ಬುದ ನಮ್ಮಲ್ಲಿ ಅಪೂರ್ವ, ಇದು ಹಾಗಲ್ಲ. ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತಲೂ ಹೆಚ್ಚು ಮಂದಿ ಸ್ತ್ರೀಯರಿಗೆ ಗರ್ಭಕೊರಳಿನ ಅರ್ಬುದ ತಗಲುತ್ತದೆ, ಎಪ್ಪತ್ತೈದು ಸಾವಿರಕ್ಕೂ ಮಿಕ್ಕವರು ಸಾಯುತ್ತಾರೆ. ಹೊನ್ನಾವರದ ಹೆಂಗಸೊಬ್ಬಳು ರಕ್ತಸ್ರಾವವನ್ನು ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟು, ಕೊನೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವ ವೇಳೆಗೆ ಕೋಶದ ಆ ಗ್ರಂಥ ಎಷ್ಟು ಕೋಟಿ ಪ್ರತಿಯಾಗಿರುತ್ತದೆಂಬುದನ್ನು ವಾಚಕರೇ ಊಹಿಸಬಹುದು.

ಪರಕೀಯವಾದ ಪ್ರೋಟೀನು ಕೋಶದಲ್ಲಿದ್ದರೆ ದೇಹದ ಕಾವಲು ಪಡೆ ಅದನ್ನು ಗುರುತಿಸಬಲ್ಲುದೆಂಬುದೂ ನಿಜ. ಆ ಪಡೆಯ ಕಡಿವಾಣ ಬಿಚ್ಚುವ ಔಷಧಿಗಳಿಂದ ಮರ್ಕೆಲ್ ಅರ್ಬುದದಲ್ಲಿ ಒಳ್ಳೆಯ ಫಲ ಕಂಡಿದೆ. 2016ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳ ಗಂತಿಗಳು ಕುಗ್ಗಿದವು. 2017ರಲ್ಲಿ ಅವೆಲುಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಅಂಥ ಔಷಧಿಯ ವೆಚ್ಚ ಎರಡೆಕರೆ ತೋಟದವನ ಅಳವಿಗೆ ಮೀರಿದುದು.

ನಮಗೆ ಉಳಿದಿರುವ ಮಾರ್ಗ ಲಸಿಕೆ. ಸಿಕ್ಕಿಂ ರಾಜ್ಯವು 2018ರಲ್ಲಿಯೇ ತನ್ನ ಶಾಲೆಯ ಹುಡುಗಿಯರಿಗೆಲ್ಲ ಅದನ್ನು ಹಾಕಿಸತೊಡಗಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ದೇಶೀಯ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. ಹೀಗಿದ್ದೂ ನಮ್ಮ ಕಡೆಯ ಪಾಲಕರ ಸಭೆಗಳಲ್ಲಿ ಇದರ ಮಾತೆತ್ತಿದರೆ ಮೌನ ಕವಿಯುತ್ತದೆ. ಈ ವೈರಸ್ಸು ದಾಂಪತ್ಯದ ಸಂಪರ್ಕದಿಂದ ಹರಡುವುದರಿಂದ ಹತ್ತು ವರ್ಷದ ಹುಡುಗಿಗೆ ಅದರ ಲಸಿಕೆಯೇಕೆಂಬ ಸಂಕೋಚ ಒಂದು ಕಡೆ. ಹಿಂದೆ ನಡೆದುದರ ನೆನಪು ಇನ್ನೊಂದು ಕಡೆ. ಆ ನೆನಪನ್ನು ಅಜ್ಞಾನವೆಂದು ತಳ್ಳಿಹಾಕುವ ವಿದ್ಯಾವಂತರ ಪಕ್ಷದಲ್ಲಿ ನಾನಿಲ್ಲ. 2009-10ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಹುಡುಗಿಯರಿಗೆ ಲಸಿಕೆ ಹಾಕಿದಾಗ ಪಾಲಕರ ಒಪ್ಪಿಗೆಯನ್ನು ಪಡೆದ ರೀತಿ ದೋಷಯುಕ್ತವಾಗಿದ್ದಿತೆಂದು ಪಾರ್ಲಿಮೆಂಟಿನ ಸಮಿತಿಯೇ 2013ರಲ್ಲಿ ಖಂಡಿಸಿತು. ಏಳು ಹುಡುಗಿಯರು ಸತ್ತಿದ್ದರು. ವಿಚಾರಣೆಯಲ್ಲಿ ಆ ಮರಣಗಳಿಗೆ ಲಸಿಕೆ ಕಾರಣವೆಂದು ಕಂಡುಬರಲಿಲ್ಲ. ಆದರೂ ಹೇಳದೆ ಕೇಳದೆ ಮಾಡಿದ ಒಳ್ಳೆಯ ಕೆಲಸಕ್ಕೂ ಜನರು ಬೆನ್ನು ತಿರುಗಿಸುವುದು ನ್ಯಾಯವೇ. ವಿಧಿಯ ವಿಲಾಸವನ್ನು ನೋಡಿ: ಆ ಗಲಭೆಯಿಂದಾಗಿ 2010ರ ಏಪ್ರಿಲಿನಲ್ಲಿ ಸರಕಾರವು ದೇಶದಲ್ಲಿ ಬೇರೆಡೆ ನಡೆಯುತ್ತಿದ್ದ ಪರೀಕ್ಷೆಯನ್ನೂ ನಿಲ್ಲಿಸಿತು. ಹದಿನೇಳು ಸಾವಿರಕ್ಕೂ ಹೆಚ್ಚು ಹುಡುಗಿಯರಿದ್ದ ಆ ಪರೀಕ್ಷೆಯಲ್ಲಿ ಸುಮಾರು ಐದು ಸಾವಿರ ಮಂದಿಗೆ ಒಂದೇ ಡೋಸು ಬಿದ್ದು ಅಲ್ಲಿಗೇ ನಿಂತಿತು. ಹತ್ತು ವರ್ಷ ಅವರನ್ನು ಅನುಸರಿಸಿ ನೋಡಿದಾಗ, 16 ಮತ್ತು 18ನೆಯ ಬಗೆಗಳ ದೀರ್ಘ ಸೋಂಕನ್ನು ತಡೆಯುವುದರಲ್ಲಿ ಆ ಒಂದು ಡೋಸು ನೂರಕ್ಕೆ ತೊಂಬತ್ತೈದರಷ್ಟು ಸಮರ್ಥವಾಗಿದ್ದಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಂದು ಡೋಸೂ ಸಾಕಾಗಬಹುದೆಂದು ಒಪ್ಪಿದಾಗ ಆಧಾರವಾದ ಪುರಾವೆಗಳಲ್ಲಿ ನಮ್ಮ ಹುಡುಗಿಯರದೂ ಒಂದು.

ನಮ್ಮ ಕಾಲೇಜು ಪ್ರೌಢಶಾಲೆಗಳ ವಿಜ್ಞಾನದ ಅಧ್ಯಾಪಕರು ಈ ಕೆಲಸವನ್ನು ವೈದ್ಯರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಬಿಟ್ಟು ಕುಳಿತಿರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಲಸಿಕೆ ಹಾಕಿಸಿರೆಂದು ಆಜ್ಞಾಪಿಸುವುದು ನಮ್ಮ ಕೆಲಸವಲ್ಲ. ವೈರಸ್ಸು ಹೇಗೆ ಒಳಸೇರುತ್ತದೆಂಬುದನ್ನು ತಾಳೆಗರಿಯ ಉಪಮಾನದಿಂದಲೋ ಬಲೆಯ ಮೀನಿನಿಂದಲೋ ತಾಯಂದಿರಿಗೆ ವಿವರಿಸುವುದು ನಮ್ಮಿಂದ ಆಗುವ ಕೆಲಸ. ಅಂತಹ ಸಭೆಯೊಂದರಲ್ಲಿ ಅಡಿಕೆ ತೋಟದ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಗರಿ ಒಳಗೆ ಸೇರಿದೆಯೆಂದು ಗೊತ್ತಾದ ಮೇಲೆ ಕಿತ್ತು ಬಿಸಾಡಬಹುದಲ್ಲ, ಮೊದಲೇ ಏಕೆ ಚುಚ್ಚಬೇಕು?" ಲಸಿಕೆಗೆ ಆ ಶಕ್ತಿಯಿಲ್ಲ ಎಂದೆ. ಅದು ವೈರಸ್ಸಿನ ಹೊರಗವಚವನ್ನು ಗುರುತಿಸಿ ಬಾಗಿಲಲ್ಲಿಯೇ ತಡೆಯುವ ಕಾವಲು. ಒಳಸೇರಿದ ಗರಿಗೆ ಕವಚವಿರುವುದಿಲ್ಲ, ಹೊಲಿಗೆಯನ್ನು ಬಿಚ್ಚುವ ಸೂಜಿಯೂ ಇಂದಿನ ವೈದ್ಯರಲ್ಲಿಲ್ಲ. ವೈರಸ್ಸು ದೇಹವನ್ನು ಮುಟ್ಟುವುದಕ್ಕೆ ಮೊದಲು, ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ, ಹಾಕಬೇಕೆನ್ನುವುದು ಅದಕ್ಕೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗಳಿಗೆ ಬರುವ ಜೂನಿಗೆ ಹತ್ತು ತುಂಬುತ್ತದೆ ಎಂದರು.